ದಾಕ್ಷಿಣ್ಯದ ರುಜು



ನಮ್ಮ ನುಡಿಯಲ್ಲಿ ದಾಕ್ಷಿಣ್ಯವೆಂಬುದೊಂದು ಮಾತುಂಟು. ಇದಕ್ಕೆ ಇಂಗ್ಲಿಷಿನಲ್ಲಿ ಸರಿಯಾದ ಪ್ರತಿಪದವನ್ನು ಹೇಳಿರೆಂದು ತರಗತಿಯಲ್ಲಿ ಕೇಳಿದಾಗಲೆಲ್ಲ ನಮ್ಮ ವಿದ್ಯಾರ್ಥಿಗಳು ನಾಲ್ಕಾರು ಪದಗಳನ್ನು ಮುಂದಿಟ್ಟು, ಒಂದೂ ಒಪ್ಪಿಗೆಯಾಗದೆ, ಕೊನೆಗೆ ಸುಮ್ಮನಾಗುವುದುಂಟು. ಮರ್ಯಾದೆ, ಸಂಕೋಚ, ಸ್ನೇಹ, ಹಿಂದೆ ಪಡೆದ ಉಪಕಾರದ ನೆನಪು, ಮುಂದೆ ಮುಖ ಮುರಿದೀತೆಂಬ ಭಯ, ಇವೆಲ್ಲವೂ ಸ್ವಲ್ಪ ಸ್ವಲ್ಪವಾಗಿ ಬೆರೆತ ಪದಾರ್ಥವದು. ನಮ್ಮ ಸಂಸಾರಗಳು ಒಡೆಯದೆ ನಿಂತಿರುವುದಕ್ಕೆ ಅದೂ ಒಂದು ಕಾರಣವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ದಾಕ್ಷಿಣ್ಯವು ಲೇಖನಿಯನ್ನು ಕೈಗೆತ್ತಿಕೊಂಡಿತೆಂದರೆ ವಿಷಯವೇ ಬೇರೆ. "ಭಾವ, ಇಲ್ಲೊಂದು ರುಜು ಹಾಕಿಬಿಡಿ, ಬ್ಯಾಂಕಿನವರು ಕೇಳುತ್ತಾರೆ, ಅಷ್ಟೆ" ಎಂದು ಭಾವಮೈದುನನು ಕಾಗದವನ್ನು ಮುಂದಿಟ್ಟಾಗ, ಅದನ್ನು ಓದಲು ಕನ್ನಡಕವನ್ನು ಹುಡುಕುವುದೇ ಅವನಿಗೆ ಮಾಡಿದ ಅವಮಾನವೆಂದು ನಾವು ಭಾವಿಸುತ್ತೇವೆ. ಓದದೆ ರುಜು ಹಾಕುವುದು ನಂಬಿಕೆಯ ಗುರುತು; ಓದಿ ಹಾಕುವುದು ಸಂಶಯದ ಗುರುತು. ಈ ತಿಳಿವಳಿಕೆ ನಮ್ಮಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ವಕೀಲಿ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಕೂಡ ನೆಂಟರ ಮನೆಯ ಜಗುಲಿಯಲ್ಲಿ ಕುಳಿತಾಗ ಇದನ್ನು ಮೀರಲಾರರು.

ಇಂತಹ ರುಜುಗಳನ್ನು ಕಾನೂನು ಹೇಗೆ ನೋಡುತ್ತದೆಂಬುದನ್ನು ಈ ಹೊತ್ತು ಸ್ವಲ್ಪ ವಿಚಾರ ಮಾಡೋಣ. ನಾವು ವಕೀಲರಲ್ಲ, ಕಾಲೇಜಿನಲ್ಲಿ ಪಾಠ ಹೇಳುವವರು. ಆದಕಾರಣ ಯಾರ ವ್ಯಾಜ್ಯಕ್ಕೂ ತೀರ್ಪು ಹೇಳುವ ಉದ್ದೇಶ ನಮಗಿಲ್ಲ. ಗೃಹಸ್ಥರು ತಿಳಿದಿರಬೇಕಾದ ಕೆಲವು ಸಾಮಾನ್ಯ ಸಂಗತಿಗಳನ್ನು ಮಾತ್ರ ಹೇಳುತ್ತೇವೆ.

ಮೊದಲನೆಯದಾಗಿ, ತಿಳಿದು ರುಜು ಹಾಕಿದೆಯೋ ತಿಳಿಯದೆ ಹಾಕಿದೆಯೋ ಎಂದು ಕಾನೂನು ಸಾಮಾನ್ಯವಾಗಿ ಕೇಳುವುದಿಲ್ಲ. ೧೯೩೪ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಒಂದು ಸಣ್ಣ ವ್ಯಾಜ್ಯ ಬಂದಿತು. ವೇಲ್ಸ್ ಸೀಮೆಯ ಕಡಲತೀರದ ಊರೊಂದರಲ್ಲಿ ಕಾಫಿ ಅಂಗಡಿ ಇಟ್ಟಿದ್ದ ಒಬ್ಬ ಮಹಿಳೆ, ಕಾಸು ಹಾಕಿದರೆ ಸಿಗರೇಟು ಕೊಡುವ ಯಂತ್ರವೊಂದನ್ನು ಕೊಂಡಳು. ಕಂದು ಬಣ್ಣದ ಕಾಗದದ ಮೇಲೆ ಬಹಳ ಸಣ್ಣ ಅಕ್ಷರಗಳಲ್ಲಿ ಮುದ್ರಿಸಿದ ಕರಾರಿಗೆ ಓದದೆ ರುಜು ಹಾಕಿದಳು. ಯಂತ್ರವು ಸರಿಯಾಗಿ ಕೆಲಸ ಮಾಡಲಿಲ್ಲ. ದಾವಾ ಹೂಡಿದಾಗ, ಯಂತ್ರದ ಗುಣದ ಬಗ್ಗೆ ಕಂಪೆನಿಗೆ ಯಾವ ಹೊಣೆಯೂ ಇಲ್ಲವೆಂಬ ವಾಕ್ಯ ಆ ಸಣ್ಣಕ್ಷರಗಳ ನಡುವೆ ಅಡಗಿದ್ದುದು ಹೊರಬಿದ್ದಿತು. ಓದಿರಲಿಲ್ಲವೆಂದು ಆಕೆ ಹೇಳಿದುದು ನಿಜ. ಆಕೆ ಸೋತುದೂ ನಿಜ. ಮೋಸವಾಗಲಿ ಸುಳ್ಳು ಹೇಳಿಕೆಯಾಗಲಿ ಇಲ್ಲದಿದ್ದ ಪಕ್ಷದಲ್ಲಿ ರುಜು ಮಾಡಿದವನು ಆ ಪತ್ರಕ್ಕೆ ಬದ್ಧನು ಎಂಬುದೇ ಆ ತೀರ್ಪಿನ ಸಾರ. ನಮ್ಮ ದೇಶದ ನ್ಯಾಯಾಲಯಗಳೂ ಈ ತತ್ತ್ವವನ್ನೇ ಮೂಲವಾಗಿಟ್ಟುಕೊಂಡಿವೆ. ಆದರೆ ಅಕ್ಷರ ಬಾರದವರು, ಹೊರಗಿನ ವ್ಯವಹಾರ ಕಾಣದ ಹೆಂಗಸರು, ಮುಪ್ಪಿನಿಂದ ಅಥವಾ ರೋಗದಿಂದ ಬಲಗುಂದಿದವರು ಹೆಬ್ಬೆಟ್ಟು ಒತ್ತಿದ ಪತ್ರಗಳನ್ನು ಅವು ಬೇರೆ ಕಣ್ಣಿನಿಂದ ನೋಡುತ್ತವೆ. ಅಲ್ಲಿ ಪತ್ರದಿಂದ ಲಾಭ ಪಡೆದವನೇ, ಅವರಿಗೆ ಅದನ್ನು ಓದಿ ಹೇಳಿ ಅರ್ಥ ಮಾಡಿಸಲಾಗಿತ್ತೆಂದು ಸಾಧಿಸಬೇಕು. ಓದುಬರಹ ಬಲ್ಲವರಿಗೆ ಈ ಆಸರೆ ಸುಲಭವಾಗಿ ದೊರೆಯುವುದಿಲ್ಲ. ವಿದ್ಯಾವಂತನ ದಾಕ್ಷಿಣ್ಯಕ್ಕೆ ನ್ಯಾಯಾಲಯದಲ್ಲಿ ಕನಿಕರವಿಲ್ಲ.

ಇನ್ನು ಜಾಮೀನಿನ ವಿಷಯ. ನಮ್ಮಂತಹ ಸಂಬಳದವರ ಮನೆಗೆ ಬರುವ ಕಾಗದಗಳಲ್ಲಿ ಇದೇ ಹೆಚ್ಚು. ತಿಂಗಳು ತಿಂಗಳಿಗೆ ತಪ್ಪದೆ ಸಂಬಳ ಬರುವವನ ರುಜುವೆಂದರೆ ಬ್ಯಾಂಕಿಗೂ ಸಹಕಾರ ಸಂಘಕ್ಕೂ ಚೀಟಿ ನಡೆಸುವವನಿಗೂ ಬಹು ಪ್ರಿಯವಾದ ವಸ್ತು.

ಜಾಮೀನು ನಿಲ್ಲುವವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಮನಸ್ಸಿನಲ್ಲಿ ಇಟ್ಟುಕೊಂಡಿರುವ ಲೆಕ್ಕ ಹೀಗಿದೆಯೆಂದು ನಮಗೆ ತೋರುತ್ತದೆ: "ಸಾಲ ತೆಗೆದುಕೊಂಡವನು ಅವನು. ಅವನು ಕೊಡದಿದ್ದರೆ ಅವನ ಮೇಲೆ ದಾವಾ ಹೂಡುತ್ತಾರೆ. ಅವನ ಮನೆ, ಗಾಡಿ, ಒಡವೆಗಳನ್ನು ಹರಾಜು ಹಾಕುತ್ತಾರೆ. ಅದೂ ಸಾಲದಿದ್ದರೆ ಆಗ ನಮ್ಮನ್ನು ಕೇಳುತ್ತಾರೆ." ಈ ಲೆಕ್ಕ ನ್ಯಾಯವಾಗಿ ಕಾಣುತ್ತದೆ, ಆದರೆ ಕಾನೂನಿನ ಲೆಕ್ಕ ಇದಲ್ಲ. ೧೮೭೨ರ ಕರಾರು ಶಾಸನದ ೧೨೮ನೆಯ ಪ್ರಕರಣದಂತೆ, ಪತ್ರದಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಗೆ ಸರಿಸಮ. ಸಾಲಗಾರನು ತಪ್ಪಿದ ಮರುದಿನವೇ ಸಾಲ ಕೊಟ್ಟವನು ಸಾಲಗಾರನನ್ನು ಬಿಟ್ಟು ನೇರವಾಗಿ ಜಾಮೀನುದಾರನ ಬಾಗಿಲಿಗೆ ಬರಬಹುದು. ಮೊದಲು ಸಾಲಗಾರನಿಂದ ವಸೂಲು ಮಾಡಲು ಪ್ರಯತ್ನಿಸಿ, ಆಗದಿದ್ದರೆ ಮಾತ್ರ ಜಾಮೀನುದಾರನ ಬಳಿಗೆ ಹೋಗಬೇಕೆಂದು ಕೆಳಗಿನ ನ್ಯಾಯಾಲಯವೊಂದು ವಿಧಿಸಿದ್ದ ನಿಬಂಧನೆಯನ್ನು ಸರ್ವೋಚ್ಚ ನ್ಯಾಯಾಲಯವು ೧೯೬೮ರಲ್ಲಿ ತೆಗೆದುಹಾಕಿತು. ತಡಮಾಡದೆ ವಸೂಲಾಗುವುದಕ್ಕೆಂದೇ ಜಾಮೀನು ಇರುವಾಗ, ಅದನ್ನೇ ತಡೆದು ನಿಲ್ಲಿಸಿದರೆ ಜಾಮೀನಿನ ಪ್ರಯೋಜನವೇನು ಎಂಬುದು ಅದರ ತರ್ಕ. ಒಪ್ಪಬೇಕಾದ ತರ್ಕವೇ ಸರಿ. ಬ್ಯಾಂಕಿನ ದೃಷ್ಟಿಯಿಂದ ನೋಡಿದರೆ, ಹಣವಿಲ್ಲದವನಿಗೆ ಸಾಲ ಕೊಟ್ಟುದು ಹಣವಿರುವವನ ರುಜುವಿನ ಮೇಲಲ್ಲವೆ?

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಗೆಳೆಯನೊಬ್ಬನು ಮೂರು ಲಕ್ಷ ರೂಪಾಯಿ ಸಾಲ ತೆಗೆದನು. ಉಪಾಧ್ಯಾಯರಿಬ್ಬರು ಜಾಮೀನು ನಿಂತರು. ಗೆಳೆಯನು ಊರು ಬಿಟ್ಟನು. ಸಾಲ ಕೊಟ್ಟವರು ಇಬ್ಬರಲ್ಲಿ ಒಬ್ಬರಿಂದಲೇ ಮೂರು ಲಕ್ಷವನ್ನೂ ಅದರ ಬಡ್ಡಿಯನ್ನೂ ವಸೂಲು ಮಾಡಬಹುದು. ಹಾಗೆ ತೆತ್ತವರಿಗೆ ಎರಡು ಹಕ್ಕುಗಳುಂಟು: ಇನ್ನೊಬ್ಬ ಜಾಮೀನುದಾರರಿಂದ ಅರ್ಧವನ್ನು ಕೇಳುವುದು, ಊರು ಬಿಟ್ಟ ಗೆಳೆಯನಿಂದ ಪೂರ್ತಿ ಕೇಳುವುದು. ಗೆಳೆಯನು ಬ್ಯಾಂಕಿಗೆ ಏನಾದರೂ ಅಡವಿಟ್ಟಿದ್ದರೆ ಅದರ ಮೇಲಿನ ಹಕ್ಕೂ ಹಣ ತೆತ್ತವರಿಗೆ ಬರುತ್ತದೆ. ಇವು ಸಣ್ಣ ಹಕ್ಕುಗಳಲ್ಲ. ಆದರೆ ಹಣ ತೆತ್ತ ಮೇಲೆ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಬೇಕಾದವರು ತೆತ್ತವರೇ. ತೆರದಿದ್ದರೆ ಡಿಕ್ರಿಯಾದ ಮೇಲೆ ಸಂಬಳವನ್ನು ಜಪ್ತಿ ಮಾಡಲೂ ಅವಕಾಶವಿದೆ. ಸಂಬಳದಲ್ಲಿ ಮೊದಲ ಒಂದು ಸಾವಿರ ರೂಪಾಯಿಯನ್ನೂ, ಉಳಿದುದರಲ್ಲಿ ಮೂರರಲ್ಲಿ ಎರಡು ಪಾಲನ್ನೂ ಮಾತ್ರ ಸಿವಿಲ್ ವ್ಯವಹಾರ ಸಂಹಿತೆಯು ಕಾಪಾಡುತ್ತದೆ. ಮಿಕ್ಕ ಮೂರನೆಯ ಪಾಲು ಗೆಳೆತನದ ಕಂದಾಯ.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ನಮಗಿಂತ ಹೆಚ್ಚು ಎಚ್ಚರದಿಂದಿದ್ದರು. ಯಾಜ್ಞವಲ್ಕ್ಯನು ಜಾಮೀನಿನಲ್ಲಿ ಮೂರು ಬಗೆಗಳನ್ನು ಹೇಳಿದ್ದಾನೆ: ಮನುಷ್ಯನನ್ನು ಹಾಜರುಪಡಿಸುತ್ತೇನೆಂಬುದು ಒಂದು, ಇವನು ನಂಬಿಕಸ್ಥನೆಂಬ ಮಾತು ಕೊಡುವುದು ಎರಡು, ಇವನು ಕೊಡದಿದ್ದರೆ ನಾನು ಕೊಡುತ್ತೇನೆಂಬುದು ಮೂರು. ಮೊದಲೆರಡರಲ್ಲಿ ಮಾತು ತಪ್ಪಿದರೆ ಜಾಮೀನು ನಿಂತವನೇ ತೆರಬೇಕು. ಮೂರನೆಯದರಲ್ಲಿ ಅವನು ಸತ್ತರೆ ಅವನ ಮಕ್ಕಳೂ ತೆರಬೇಕು. ಅಲ್ಲದೆ, ಪಾಲಾಗದ ಅಣ್ಣತಮ್ಮಂದಿರು, ತಂದೆಮಕ್ಕಳು, ಗಂಡಹೆಂಡಿರು ಒಬ್ಬರಿಗೊಬ್ಬರು ಜಾಮೀನು ನಿಲ್ಲುವುದು ಸಲ್ಲದೆಂದೂ ಅವನ ವಿಧಿ. ಈ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದವನು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಇಂದು ನಾವು ಬ್ಯಾಂಕಿನಲ್ಲಿ ರುಜು ಹಾಕುವುದು ಈ ಮೂರನೆಯ ಬಗೆಗೆ. ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಎರಡನೆಯದನ್ನು. "ಹುಡುಗ ಒಳ್ಳೆಯವನು, ನಾನು ಬಲ್ಲೆ" ಎಂಬುದಷ್ಟೇ ನಮ್ಮ ಅಭಿಪ್ರಾಯ. ಕಾಗದ ಹೇಳುವುದು "ನಾನು ಕೊಡುತ್ತೇನೆ" ಎಂದು. ಮಕ್ಕಳ ವಿಷಯದಲ್ಲಿ ಮಾತ್ರ ಕಾಲ ಬದಲಾಗಿದೆ. ಸತ್ತ ಜಾಮೀನುದಾರನು ಬಿಟ್ಟುಹೋದ ಆಸ್ತಿಯ ಮಟ್ಟಿಗೆ ವಾರಸುದಾರರು ಹೊಣೆಗಾರರು, ಅದಕ್ಕಿಂತ ಹೆಚ್ಚಿಲ್ಲ. ತಂದೆಯ ಸಾಲವನ್ನು ತೀರಿಸುವುದು ಮಗನ ಧರ್ಮವೆಂಬ ಕಾರಣವೊಂದರಿಂದಲೇ ಮಗನನ್ನು ಹಿಡಿಯುವ ಹಳೆಯ ಪದ್ಧತಿಯನ್ನು, ಮುಂದಿನ ಸಾಲಗಳ ಮಟ್ಟಿಗೆ, ೨೦೦೫ರ ತಿದ್ದುಪಡಿಯು ನಿಲ್ಲಿಸಿತು.

ಹಾಗಾದರೆ ಯಾರೂ ಯಾರಿಗೂ ಜಾಮೀನು ನಿಲ್ಲಬಾರದೇ ಎಂದು ಕೇಳಬಹುದು. ಹಾಗೆ ಹೇಳುವಷ್ಟು ಕಠಿಣರು ನಾವಲ್ಲ. ೧೯೦೫ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದಾಗ, ಒಬ್ಬರ ಹೊಣೆಯನ್ನು ಮತ್ತೊಬ್ಬರು ಹೊರುವ ಆ ನೆರೆಹೊರೆಯ ಭಾವವೇ ಬಡ ರೈತನನ್ನು ಸಾಹುಕಾರನ ಬಾಯಿಂದ ಬಿಡಿಸುವ ಉಪಾಯವಾಗಿತ್ತು. ಆದರೆ ಅಲ್ಲಿ ಹೊಣೆ ಹೊತ್ತವನು ಸಾಲಗಾರನ ಹೊಲವನ್ನೂ ಬೆಳೆಯನ್ನೂ ದಿನವೂ ಕಣ್ಣಾರೆ ನೋಡುತ್ತಿದ್ದನು. ನಾವು ಜಾಮೀನು ನಿಂತ ಗೆಳೆಯನ ಅಂಗಡಿಯ ಲೆಕ್ಕವನ್ನು ನಾವು ಎಂದಾದರೂ ನೋಡಿದ್ದೇವೆಯೆ? ನಿಲ್ಲುವುದಾದರೆ, ತೆತ್ತರೂ ಮನೆ ಮುಳುಗದಷ್ಟು ಮೊತ್ತಕ್ಕೆ ನಿಲ್ಲಬೇಕು. ಆ ಮೊತ್ತವನ್ನು ಪತ್ರದಲ್ಲಿ ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಯಿಸಬೇಕು. ಪತ್ರದ ನಕಲನ್ನು ಕೇಳಿ ಪಡೆಯಬೇಕು. ಜಾಮೀನುದಾರನನ್ನು ಕೇಳದೆ ಸಾಲದ ಷರತ್ತುಗಳನ್ನು ಬದಲಾಯಿಸಿದರೆ, ಅಥವಾ ಸಾಲಗಾರನನ್ನು ಬಿಟ್ಟುಕೊಟ್ಟರೆ, ಜಾಮೀನುದಾರನಿಗೆ ಬಿಡುಗಡೆಯುಂಟೆಂದು ೧೩೩ನೆಯ ಮತ್ತು ಮುಂದಿನ ಪ್ರಕರಣಗಳು ಹೇಳುತ್ತವೆ. ಆದರೆ ಮುದ್ರಿತ ನಮೂನೆಗಳಲ್ಲಿ ಈ ರಕ್ಷಣೆಗಳನ್ನೆಲ್ಲ ನೀವೇ ಬಿಟ್ಟುಕೊಟ್ಟಿರುವಂತೆ ಒಂದೆರಡು ಉದ್ದನೆಯ ವಾಕ್ಯಗಳಿರುವುದು ವಾಡಿಕೆ. ನಾವು ಓದದೆ ಬಿಡುವುದು ಅವನ್ನೇ.

ಕೈಸಾಲದ ನೋಟುಗಳ ಮಾತನ್ನು ಬೇಗ ಮುಗಿಸುತ್ತೇವೆ. ಪ್ರಾಮಿಸರಿ ನೋಟಿಗೆ ತಕ್ಕ ಸ್ಟಾಂಪು ಹಚ್ಚದಿದ್ದರೆ ಅದು ಸಾಕ್ಷ್ಯವಾಗಿ ನಡೆಯದು. ಬೇರೆ ಪತ್ರಗಳಂತೆ ದಂಡ ಕಟ್ಟಿ ಅದನ್ನು ಸರಿಪಡಿಸಿಕೊಳ್ಳಲೂ ಬರುವುದಿಲ್ಲ. ಕೇಳಿದಾಗ ಕೊಡುವೆನೆಂಬ ನೋಟಿಗೆ, ಬರೆದ ದಿನದಿಂದ ಮೂರು ವರ್ಷ ವಾಯಿದೆ. ವಾಯಿದೆ ಮುಗಿಯುವುದರೊಳಗೆ ಸಾಲವನ್ನು ಒಪ್ಪಿ ಸಾಲಗಾರನು ಒಂದು ಸಾಲು ಬರೆದು ರುಜು ಹಾಕಿದರೆ ಆ ದಿನದಿಂದ ಹೊಸದಾಗಿ ಮೂರು ವರ್ಷ. ಇಲ್ಲಿಯೂ ದಾಕ್ಷಿಣ್ಯದ ಆಟವನ್ನು ನೋಡಿರಿ. ಕೊಟ್ಟವನು ತಮ್ಮನಾದರೆ "ನೋಟು ಬರೆಸಿಕೊಂಡರೆ ಅಣ್ಣ ಏನೆಂದಾನು" ಎಂದು ಸುಮ್ಮನಿರುತ್ತಾನೆ, ವಾಯಿದೆ ಮುಗಿಯುತ್ತದೆ. ಪಡೆದವನು ಸಾಧುವಾದರೆ, ವಾಯಿದೆ ಮುಗಿದ ಸಾಲಕ್ಕೂ "ಕೊಡುತ್ತೇನೆ" ಎಂದು ಬರೆದುಕೊಡುತ್ತಾನೆ. ಸತ್ತ ಸಾಲ ಎದ್ದು ಕೂರುತ್ತದೆ, ಏಕೆಂದರೆ ಅಂತಹ ಲಿಖಿತ ವಾಗ್ದಾನವೂ ಕರಾರೇ ಎಂದು ೨೫ನೆಯ ಪ್ರಕರಣ ಹೇಳುತ್ತದೆ. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ರುಜು ಹಾಕಿ ಕೊಡುವುದಂತೂ ಮನೆಯ ಬೀಗದ ಕೈಯನ್ನು ಬೀದಿಯಲ್ಲಿ ಇಟ್ಟಂತೆ. ತಾನಾಗಿ ರುಜು ಹಾಕಿ ಕೊಟ್ಟ ಖಾಲಿ ಚೆಕ್ಕನ್ನು ಬೇರೊಬ್ಬರು ಭರ್ತಿ ಮಾಡಿದರೂ, ಅದು ಸಾಲಕ್ಕಾಗಿ ಕೊಟ್ಟುದಲ್ಲವೆಂದು ಸಾಧಿಸುವ ಭಾರವು ಕೊಟ್ಟವನದೇ ಎಂದು ಸರ್ವೋಚ್ಚ ನ್ಯಾಯಾಲಯ ೨೦೧೯ರಲ್ಲಿ ಹೇಳಿತು. ಹಣವಿಲ್ಲದೆ ಹಿಂದಿರುಗಿದ ಚೆಕ್ಕಿಗೆ ಎರಡು ವರ್ಷದವರೆಗೆ ಸೆರೆಮನೆ, ಇಲ್ಲವೆ ಚೆಕ್ಕಿನ ಎರಡರಷ್ಟರವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ನೋಟೀಸು ಬಂದರೆ ಹಣ ಕಟ್ಟಲು ಹದಿನೈದು ದಿನಗಳ ಅವಕಾಶವಿದೆ. ನೋಟೀಸನ್ನು ತೆಗೆದುಕೊಳ್ಳದೆ ಹಿಂದಿರುಗಿಸಿದ ಮಾತ್ರಕ್ಕೆ ಅದು ತಪ್ಪಿದ್ದಲ್ಲ.

ಈಗ ನಮ್ಮ ಮನಸ್ಸಿಗೆ ಹೆಚ್ಚು ನೋವು ಕೊಡುವ ರುಜುವಿನ ವಿಷಯಕ್ಕೆ ಬರುತ್ತೇವೆ. ಅದು ಮನೆಯ ಹೆಣ್ಣುಮಕ್ಕಳ ರುಜು.

ತಂದೆ ತೀರಿಕೊಂಡ ತಿಂಗಳಲ್ಲೋ, ವರ್ಷಾಬ್ದಿಕಕ್ಕೆಂದು ತವರಿಗೆ ಬಂದಾಗಲೋ, ಅಣ್ಣನು ತಂಗಿಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯುತ್ತಾನೆ. ಅರಿಸಿನ ಕುಂಕುಮಕ್ಕೆಂದು ಒಂದು ಸೀರೆ, ಕೈಗೆ ಸ್ವಲ್ಪ ಹಣ. "ಖಾತೆ ಬದಲಾವಣೆಗೆ ಬೇಕಂತೆ, ಒಂದು ರುಜು" ಎನ್ನುತ್ತಾರೆ. ಆಕೆ ಹಾಕಿದುದು ಹಕ್ಕುಬಿಡುಗಡೆ ಪತ್ರಕ್ಕೆ. ಹಾಕದಿದ್ದರೆ ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆ ಆಕೆಗೆ. "ಪಾಲು ಕೇಳಿದವಳು" ಎಂಬ ಮಾತು ನಮ್ಮಲ್ಲಿ ಇನ್ನೂ ಬೈಗುಳವಾಗಿಯೇ ಉಳಿದಿದೆ. ಕೇಳಿದ ಗಂಡುಮಗನಿಗೆ ಆ ಹೆಸರಿಲ್ಲ.

ಈ ವಿಷಯದಲ್ಲಿ ಮೈಸೂರು ಸಂಸ್ಥಾನವು ಒಂದು ಕಾಲಕ್ಕೆ ಮುಂದಿತ್ತೆಂಬುದನ್ನು ನೆನೆದರೆ ಹೆಮ್ಮೆಯೂ ನಾಚಿಕೆಯೂ ಒಟ್ಟಿಗೆ ಆಗುತ್ತವೆ. ೧೯೩೩ರಲ್ಲಿಯೇ ಇಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವಾಯಿತು. ಅವಿಭಕ್ತ ಕುಟುಂಬ ಪಾಲಾಗುವಾಗ ತಾಯಿ, ವಿಧವೆ, ಮದುವೆಯಾಗದ ಹೆಣ್ಣುಮಕ್ಕಳು ಮುಂತಾದವರಿಗೂ ಒಂದು ಭಾಗವುಂಟೆಂದು ಅದು ಹೇಳಿತು. ಬ್ರಿಟಿಷ್ ಇಂಡಿಯದಲ್ಲಿ ವಿಧವೆಯರಿಗೆ ಸಂಬಂಧಪಟ್ಟ ಶಾಸನ ಬಂದುದು ನಾಲ್ಕು ವರ್ಷಗಳ ಅನಂತರ, ೧೯೩೭ರಲ್ಲಿ. ೧೯೫೬ರ ಉತ್ತರಾಧಿಕಾರ ಶಾಸನವು ಹೆಂಗಸಿನ ಆಸ್ತಿಯನ್ನು ಆಕೆಯ ಪೂರ್ಣ ಸ್ವಾಮ್ಯಕ್ಕೆ ಬಿಟ್ಟಿತಾದರೂ, ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕನ್ನು ಮಗಳಿಗೆ ಕೊಡಲಿಲ್ಲ. ಕರ್ನಾಟಕವು ಅದನ್ನು ತಿದ್ದಿ, ೧೯೯೪ರ ಜುಲೈ ೩೦ರಿಂದ ಮಗಳನ್ನೂ ಸಹಭಾಗಿಯನ್ನಾಗಿ ಮಾಡಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಒಂದೇ ಮನೆಯಲ್ಲಿ ಅಕ್ಕನಿಗೆ ಇಲ್ಲ, ತಂಗಿಗೆ ಉಂಟು ಎಂಬ ವಿಚಿತ್ರ ಸ್ಥಿತಿ ಹೀಗೆ ಹುಟ್ಟಿತು. ೨೦೦೫ರ ಸೆಪ್ಟೆಂಬರ್ ೯ರಿಂದ ಇಡೀ ದೇಶಕ್ಕೆ ಅನ್ವಯಿಸುವಂತೆ ಬಂದ ತಿದ್ದುಪಡಿಯಿಂದ ಈ ಭೇದ ಹೋಯಿತು. ಆ ದಿನ ತಂದೆ ಬದುಕಿರಬೇಕೋ ಬೇಡವೋ ಎಂಬ ಚರ್ಚೆ ಹದಿನೈದು ವರ್ಷ ನಡೆದು, ೨೦೨೦ರ ಆಗಸ್ಟ್ ೧೧ರಂದು ಸರ್ವೋಚ್ಚ ನ್ಯಾಯಾಲಯವು ಬೇಕಿಲ್ಲವೆಂದು ತೀರ್ಮಾನಿಸಿತು. ಮಗಳಿಗೆ ಹಕ್ಕು ಬರುವುದು ಹುಟ್ಟಿನಿಂದ, ತಂದೆಯ ಆಯುಸ್ಸಿನಿಂದಲ್ಲ. ಆದರೆ ೨೦೦೪ರ ಡಿಸೆಂಬರ್ ೨೦ಕ್ಕೆ ಮೊದಲೇ ಸರಿಯಾಗಿ ನಡೆದ ಪಾಲುಗಳನ್ನು ಕೆದಕುವಂತಿಲ್ಲ. ಹಾಗೆ ಪಾಲಾಗಿತ್ತೆಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ನೋಂದಾಯಿತ ಪಾಲುಪಟ್ಟಿಯೋ ಡಿಕ್ರಿಯೋ ಇರಬೇಕು, ಇಲ್ಲವಾದರೆ ಸರ್ಕಾರಿ ದಾಖಲೆಗಳಂತಹ ಬಲವಾದ ಆಧಾರ ಬೇಕು.

ನಾವು ಹೇಳಿದುದು ಹಿಂದೂ ಕುಟುಂಬಗಳ ಮಾತು. ಮುಸಲ್ಮಾನರಲ್ಲಿ ಮಗಳ ಭಾಗ ಮಗನದರ ಅರ್ಧ. ತಿರುವಾಂಕೂರಿನ ಕ್ರೈಸ್ತರಲ್ಲಿ ಮಗಳಿಗೆ ಮಗನ ಭಾಗದ ಕಾಲುಪಾಲು ಅಥವಾ ೫೦೦೦ ರೂಪಾಯಿ, ಇವುಗಳಲ್ಲಿ ಯಾವುದು ಕಡಮೆಯೋ ಅದು, ಎಂಬ ಸಂಸ್ಥಾನದ ಹಳೆಯ ಶಾಸನವಿತ್ತು. ಮೇರಿ ರಾಯ್ ಎಂಬ ಉಪಾಧ್ಯಾಯಿನಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ೧೯೮೬ರಲ್ಲಿ ಅದನ್ನು ಬದಿಗೊತ್ತಿಸಿದರು. ಆ ಶಾಸನ ೧೯೫೧ರಿಂದಲೇ ಜಾರಿಯಲ್ಲಿಲ್ಲವೆಂಬುದು ತೀರ್ಪು. ಅಷ್ಟು ಹೊತ್ತಿಗೆ ಮೂವತ್ತೈದು ವರ್ಷ ಕಳೆದಿತ್ತು!

ಕಾನೂನು ಇಷ್ಟೆಲ್ಲ ಕೊಟ್ಟುದನ್ನು ಒಂದು ರುಜು ಹಿಂದಕ್ಕೆ ಕೊಡುತ್ತದೆ. ತನ್ನ ಹಕ್ಕನ್ನು ತಿಳಿದು, ಮನಸಾರೆ, ಅಣ್ಣತಮ್ಮಂದಿರಿಗೆ ಬಿಟ್ಟುಕೊಡುವ ಸಹೋದರಿಯ ಔದಾರ್ಯವನ್ನು ನಾವು ಪ್ರಶ್ನಿಸುವವರಲ್ಲ. ಅದು ಆಕೆಯ ಸ್ವಾತಂತ್ರ್ಯ. ತಿಳಿಯದೆ ಬಿಟ್ಟುದು ಔದಾರ್ಯವಲ್ಲವೆಂಬುದಷ್ಟೇ ನಮ್ಮ ಮಾತು. ಕೆಲವು ಸಂಗತಿಗಳನ್ನು ಇಲ್ಲಿ ಹೇಳಬೇಕು. ಸ್ಥಿರಾಸ್ತಿಯ ಹಕ್ಕುಬಿಡುಗಡೆ ನೋಂದಣಿಯಾಗಬೇಕು. ಬಿಳಿಯ ಕಾಗದದ ಮೇಲೆ ಹಾಕಿಸಿಕೊಂಡ ರುಜುವಿನಿಂದ ಹಕ್ಕು ಹೋಗುವುದಿಲ್ಲ. ತಂದೆ ಬದುಕಿರುವಾಗ ಆತನ ಸ್ವಯಾರ್ಜಿತದ ಬಗ್ಗೆ "ಮುಂದೆ ಬರಬಹುದಾದ ಭಾಗ ನನಗೆ ಬೇಡ" ಎಂದು ಬರೆಸಿಕೊಳ್ಳುವುದುಂಟು. ಬರೀ ಮುಂದಿನ ಆಸೆಯು ಕೊಡುಕೊಳ್ಳುವ ಆಸ್ತಿಯಲ್ಲವೆಂದು ಆಸ್ತಿ ಹಸ್ತಾಂತರ ಶಾಸನದ ೬ನೆಯ ಪ್ರಕರಣ ಹೇಳುತ್ತದೆ. ಹಣ ಪಡೆದು ಬರೆದುಕೊಟ್ಟವರ ಸಂಗತಿಯನ್ನು ಮಾತ್ರ ನ್ಯಾಯಾಲಯಗಳು ಬೇರೆ ರೀತಿಯಾಗಿ ಎಣಿಸಿರುವುದುಂಟು. ಮೋಸದಿಂದ ಅಥವಾ ಬಲವಂತದಿಂದ ಬರೆಸಿಕೊಂಡಿದ್ದರೆ ಆ ಪತ್ರವನ್ನು ರದ್ದುಪಡಿಸಲು ದಾವಾ ಹೂಡಬಹುದು. ಆದರೆ ವಿಷಯ ಗೊತ್ತಾದ ದಿನದಿಂದ ಮೂರು ವರ್ಷದೊಳಗೆ. ಮೂರು ಗೌರಿಹಬ್ಬಗಳು ಕಳೆಯುವುದಕ್ಕೆ ಎಷ್ಟು ಹೊತ್ತು?

ತಂದೆಯೇ ಉಯಿಲು ಬರೆದಿಟ್ಟರೆ ಈ ಸಂಕಟಗಳಲ್ಲಿ ಅರ್ಧ ತಪ್ಪುತ್ತದೆ. ನಮ್ಮಲ್ಲಿ ಉಯಿಲಿನ ಮಾತೆತ್ತುವುದೇ ಅಮಂಗಳ. ಉಯಿಲಿಗೆ ಛಾಪಾ ಕಾಗದ ಬೇಡ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿದರೆ ಒಳ್ಳೆಯದು. ಬಿಳಿಯ ಹಾಳೆಯ ಮೇಲೆ ಕನ್ನಡದಲ್ಲಿ ತನ್ನ ಕೈಯಾರೆ ಬರೆದರೂ ಸಾಕು; ಬರೆದವನು ರುಜು ಹಾಕಿದುದನ್ನು ಕಂಡ ಇಬ್ಬರು ಸಾಕ್ಷಿಗಳು ಅವನೆದುರಿಗೆ ರುಜು ಹಾಕಬೇಕು. ಉಸಿರಿರುವವರೆಗೂ ಬದಲಾಯಿಸಬಹುದು. ಪಿತ್ರಾರ್ಜಿತದಲ್ಲಿ ತನ್ನ ಭಾಗದ ಮಟ್ಟಿಗೆ ಮಾತ್ರ ಬರೆಯಬಹುದು. ಉಯಿಲಿನಿಂದ ದೊಡ್ಡ ಲಾಭ ಪಡೆಯುವ ಮಗನೇ ಮುಂದೆ ನಿಂತು ಅದನ್ನು ಬರೆಸಿದರೆ, ಆ ಸಂದೇಹವನ್ನು ಹೋಗಲಾಡಿಸುವ ಭಾರ ಅವನದೇ ಎಂದು, ಮೈಸೂರಿನಿಂದಲೇ ಹೋದ ಒಂದು ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೫೮ರಲ್ಲಿ ಹೇಳಿದೆ. ಆದ್ದರಿಂದ ಬಿಕ್ಕಲಂ ಒಬ್ಬರಾಗಲಿ, ಸಾಕ್ಷಿಗಳು ಹೊರಗಿನವರಾಗಲಿ. ಸಾಧ್ಯವಾದಷ್ಟು ಮಟ್ಟಿಗೆ ಬರೆದವರಿಗಿಂತ ಕಿರಿಯರಾಗಲಿ. ಸಾಕ್ಷಿಗಳು ಮೊದಲೇ ಹೋಗಿಬಿಟ್ಟರೆ ಉಯಿಲನ್ನು ಸಾಧಿಸುವುದು ಕಷ್ಟ.

ಅಂಗಡಿಯ ಹಲಗೆಯ ಮೇಲೆ ಹೆಸರು ಕೊಡುವುದೂ ಒಂದು ಬಗೆಯ ರುಜುವೇ. ಸರ್ಕಾರಿ ಕೆಲಸದಲ್ಲಿರುವವನು ಹೆಂಡತಿಯ ಹೆಸರನ್ನು, ಮಾವನು ಸೊಸೆಯ ಹೆಸರನ್ನು ಪಾಲುದಾರಿಕೆಗೆ ಸೇರಿಸುತ್ತಾನೆ. ಆಕೆ ಅಂಗಡಿಯ ಮುಖವನ್ನೇ ಕಂಡಿರುವುದಿಲ್ಲ. ೧೯೩೨ರ ಪಾಲುದಾರಿಕೆಯ ಶಾಸನದಂತೆ ಅಂಗಡಿಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ತನ್ನ ಸ್ವಂತ ಸೊತ್ತಿನಿಂದ ಪೂರ್ತಿ ಹೊಣೆ. ಪಾಲುದಾರನಲ್ಲದವನೂ ತಾನು ಪಾಲುದಾರನೆಂದು ತೋರಗೊಟ್ಟು, ಅದನ್ನು ನಂಬಿ ಯಾರಾದರೂ ಸಾಲ ಕೊಟ್ಟರೆ, ಅವರಿಗೆ ಅವನು ಹೊಣೆಗಾರನೇ. ಪಾಲುದಾರಿಕೆಯಿಂದ ಬಿಟ್ಟುಬಂದವನು ಸಾರ್ವಜನಿಕವಾಗಿ ತಿಳಿವಳಿಕೆ ಕೊಡದಿದ್ದರೆ ಅನಂತರದ ವ್ಯವಹಾರಗಳೂ ಅವನನ್ನು ಹಿಂಬಾಲಿಸಬಹುದು. ಪಾಲುದಾರಿಕೆಯನ್ನು ನೋಂದಾಯಿಸದಿದ್ದರೆ ಮಾತ್ರ ಇನ್ನೊಂದು ತೊಂದರೆ: ಬಾಕಿದಾರರ ಮೇಲೆ ಅಂಗಡಿಯು ಕರಾರಿನ ಹಕ್ಕಿನ ದಾವಾ ಹೂಡಲಾರದು, ಅಂಗಡಿಯ ಮೇಲೆ ಬೇರೆಯವರು ಹೂಡಬಹುದು.

ಉದ್ಯೋಗದ ರುಜುಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇವೆ. ಇಂತಿಷ್ಟು ವರ್ಷ ಬಿಡುವುದಿಲ್ಲ, ಬಿಟ್ಟರೆ ಇಷ್ಟು ಹಣ ಕೊಡುತ್ತೇನೆಂಬ ಮುಚ್ಚಳಿಕೆ ಮೊದಲನೆಯದು. ಇದು ನಿರರ್ಥಕವೆಂದು ಹುಡುಗರು ಧೈರ್ಯವಾಗಿರುತ್ತಾರೆ. ಕೆಲಸ ಬಿಟ್ಟ ಮೇಲೆ ಇಂತಹ ಉದ್ಯೋಗ ಮಾಡಬಾರದೆಂಬ ನಿರ್ಬಂಧ ಸಾಮಾನ್ಯವಾಗಿ ನಿಲ್ಲುವುದಿಲ್ಲವೆಂಬುದು ನಿಜ. ಆದರೆ ಮೂರು ವರ್ಷಕ್ಕೆ ಮೊದಲೇ ಬಿಟ್ಟರೆ ಎರಡು ಲಕ್ಷ ರೂಪಾಯಿ ಕೊಡಬೇಕೆಂಬ ಸರ್ಕಾರಿ ಬ್ಯಾಂಕೊಂದರ ಷರತ್ತನ್ನು ೨೦೨೫ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಎರಡನೆಯದು ನಮ್ಮ ವೃತ್ತಿಯವರಿಗೇ ಪರಿಚಿತವಾದುದು. ಖಾಸಗಿ ಸಂಸ್ಥೆಗಳಲ್ಲಿ ಕೆಲವೆಡೆ ಸಂಬಳದ ಪುಸ್ತಕದಲ್ಲಿ ಒಂದು ಮೊತ್ತಕ್ಕೆ ರುಜು, ಕೈಗೆ ಬರುವುದು ಮತ್ತೊಂದು. ಹಿಂದೆ ನಾವು ಸ್ವಲ್ಪ ಕಾಲ ಪಾಠ ಹೇಳಿದ ಒಂದೆಡೆಯಲ್ಲಿ ಇದು ತಿಂಗಳ ಆಚಾರವೇ ಆಗಿತ್ತು. ರಸೀದಿಯು ಸುಳ್ಳೆಂದು ಸಾಧಿಸಲು ಕಾನೂನು ಅವಕಾಶ ಕೊಡುತ್ತದೆ. ಭಾರ ಮಾತ್ರ ರುಜು ಹಾಕಿದವನ ಮೇಲೆ. ಬ್ಯಾಂಕಿನ ಖಾತೆಗೆ ಬಂದ ಮೊತ್ತ, ಆಗಲೇ ಬರೆದಿಟ್ಟ ದಿನಚರಿಯ ಸಾಲು, ಜೊತೆಯವರ ಸಾಕ್ಷ್ಯ, ಇವೇ ಅಲ್ಲಿ ಆಸರೆ.

ಈಗಾಗಲೇ ರುಜು ಹಾಕಿ ಕುಳಿತಿರುವ ಶ್ರೋತೃಗಳೂ ಕೆಲವರಿರಬಹುದು. ಅವರು ಮೊದಲು ಆ ಪತ್ರದ ನಕಲನ್ನು ಪಡೆಯಬೇಕು; ನೋಂದಾಯಿತ ಪತ್ರವಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಶುಲ್ಕ ಕಟ್ಟಿ ದೃಢೀಕರಿಸಿದ ಪ್ರತಿಯನ್ನು ತೆಗೆಯಬಹುದು. ವಕೀಲರ ಶುಲ್ಕಕ್ಕೆ ಅಂಜುವವರಿಗೆ ತಾಲ್ಲೂಕು ಕೋರ್ಟಿನ ಆವರಣದಲ್ಲಿಯೇ ಕಾನೂನು ಸೇವಾ ಸಮಿತಿಯುಂಟು. ೧೯೮೭ರ ಶಾಸನದಂತೆ ಹೆಂಗಸರಿಗೆ, ಅವರ ವರಮಾನ ಎಷ್ಟೇ ಇರಲಿ, ಅಲ್ಲಿ ಉಚಿತವಾಗಿ ನೆರವು ದೊರೆಯಬೇಕು. ಪರಿಶಿಷ್ಟ ಜಾತಿ ಪಂಗಡಗಳವರಿಗೂ ಕಾರ್ಮಿಕರಿಗೂ ಅಂಗವಿಕಲರಿಗೂ ಅಂತೆಯೇ. ಒಂದೇ ಸಾಲಕ್ಕಲ್ಲದೆ, ಅಂಗಡಿಯವನು ಮೇಲಿಂದ ಮೇಲೆ ತೆಗೆಯುವ ಸಾಲಗಳಿಗೆಲ್ಲ ನಡೆದುಕೊಂಡು ಬರುವಂತಹ ಜಾಮೀನು ನಿಂತವರು, ಪತ್ರದಲ್ಲಿ ಬೇರೆ ಕರಾರಿಲ್ಲದಿದ್ದರೆ, ಮುಂದಿನ ವ್ಯವಹಾರಗಳ ಮಟ್ಟಿಗೆ ಅದನ್ನು ಹಿಂತೆಗೆದುಕೊಳ್ಳಬಹುದು. ಹಿಂದೆ ಆದ ಸಾಲದ ಹೊಣೆ ಉಳಿದೇ ಉಳಿಯುತ್ತದೆ. ಹಿಂತೆಗೆದುಕೊಂಡಿದ್ದೇನೆಂಬ ಪತ್ರವನ್ನು ಸಾಲ ಕೊಟ್ಟವರಿಗೆ ಬರೆಯಬೇಕು, ಸಾಲಗಾರನಿಗೆ ಹೇಳಿದರೆ ಸಾಲದು. ಅದನ್ನು ರಸೀದಿ ದೊರೆಯುವಂತೆ ಅಂಚೆಯಲ್ಲಿ ಕಳುಹಿಸಿ, ಪತ್ರದ ನಕಲನ್ನೂ ರಸೀದಿಯನ್ನೂ ಒಂದೇ ಲಕೋಟೆಯಲ್ಲಿ ಇಟ್ಟು, ಆ ಲಕೋಟೆ ಎಲ್ಲಿದೆಯೆಂದು ಮನೆಯಲ್ಲಿ ಇನ್ನೊಬ್ಬರಿಗೆ ತಿಳಿಸಿರಬೇಕು.